ಜೀಪಿನ ಜಾತಕ

ಎರಡನೇ ಮಹಾಯುದ್ಧದ ಜೀಪು ನೋಡಲು ಬರುವವರಲ್ಲಿ ಹೆಚ್ಚಿನವರು ಮೊದಲು ಸೀಟಿಗೆ ಹತ್ತಿ, ಸ್ಟೇರಿಂಗು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ವಿಷಯ ಬಲ್ಲವರು ನೆಲಕ್ಕೊಂದು ಗೋಣಿತಾಟು ಹಾಸಿ, ಟಾರ್ಚು ಹಿಡಿದು ಮುಂದಿನ ಬಂಪರಿನ ಅಡಿಗೆ ನುಸುಳುತ್ತಾರೆ. ರೇಡಿಯೇಟರಿನ ಕೆಳಗೆ ಚಾಸಿಯ ಎಡಬಲದ ತೊಲೆಗಳನ್ನು ಬೆಸೆಯುವ ಒಂದು ಅಡ್ಡಪಟ್ಟಿ ಇರುತ್ತದೆ. ಅದು ದುಂಡನೆಯ ಕೊಳವೆಯಾಗಿದ್ದರೆ ಚಾಸಿ ವಿಲ್ಲಿಸ್ ಕಂಪನಿಯದು. ತಗಡು ಮಡಿಸಿ ಮಾಡಿದ, ಬೋರಲು ಹಾಕಿದ ತೊಟ್ಟಿಯಂಥ ಪಟ್ಟಿಯಾಗಿದ್ದರೆ ಫೋರ್ಡ್‌ನದು. ಆಮೇಲೆ ಬೋಲ್ಟುಗಳ ಸರದಿ. ಗ್ರೀಸು ಒರೆಸಿ ತಲೆಯ ಮೇಲೆ ಬೆಳಕು ಬಿಟ್ಟಾಗ ಸಣ್ಣದೊಂದು ‘ಎಫ್’ ಕಂಡರೆ ನೋಡುವವರ ಮುಖ ಅರಳುತ್ತದೆ. ಫೋರ್ಡ್ ತಾನು ಮಾಡಿದ ಜೀಪಿನ ಬಿಡಿಭಾಗಗಳಿಗೆ, ಬೋಲ್ಟಿನ ತಲೆಯನ್ನೂ ಬಿಡದೆ, ಆ ಗುರುತು ಒತ್ತಿ ಕಳಿಸುತ್ತಿತ್ತು.

ಎಂಬತ್ತು ವರ್ಷ ದಾಟಿದ ಗಾಡಿಯೊಂದರ ಬೋಲ್ಟಿಗೆ ಇಷ್ಟೊಂದು ತಲೆಬಿಸಿ ಯಾಕೆ ಎಂದು ಕೇಳಬಹುದು. ಯುದ್ಧದ ಜೀಪಿನ ವಿಷಯದಲ್ಲಿ ‘ಅಸಲಿ’ ಎಂದು ತೋರಿಸಲು ಬೇರೆ ಆಧಾರಗಳು ಕಡಿಮೆ. ಹೊರಗಿನ ಆಕಾರ ನೋಡಿ ಏನೂ ಹೇಳುವಂತಿಲ್ಲ. ಆ ಆಕಾರವನ್ನು ಜಗತ್ತಿನ ಹತ್ತಾರು ಕಡೆ ನಕಲು ಮಾಡಿದ್ದಾರೆ, ಇವತ್ತಿಗೂ ಮಾಡುತ್ತಿದ್ದಾರೆ.

ಜೀಪು ಹುಟ್ಟಿದ್ದೇ ಅವಸರದಲ್ಲಿ. 1940ರ ಜುಲೈನಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಪತ್ರ ಬರೆದು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ, ಹಗುರವಾದ ಗಾಡಿಯೊಂದು ಬೇಕು ಎಂದಿತು. ಮಾದರಿ ತಯಾರಿಸಲು ಕೊಟ್ಟ ಗಡುವು 49 ದಿನ. ಕೈ ಎತ್ತಿದವರು ಬೆರಳೆಣಿಕೆಯಷ್ಟು. ಪೆನ್ಸಿಲ್ವೇನಿಯಾದ ಬಟ್ಲರ್ ಊರಿನಲ್ಲಿ ಮುಚ್ಚುವ ಸ್ಥಿತಿಗೆ ಬಂದಿದ್ದ ಬ್ಯಾಂಟಮ್ ಎಂಬ ಪುಟ್ಟ ಕಂಪನಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನ್ನು ಕರೆಸಿತು. ಆತ ಎರಡೇ ದಿನದಲ್ಲಿ ನಕ್ಷೆ ಬರೆದ. ಸೆಪ್ಟೆಂಬರ್ 23ರಂದು, ಗಡುವು ಮುಗಿಯಲು ಅರ್ಧ ಗಂಟೆ ಇರುವಾಗ, ಗಾಡಿ ಮೇರಿಲ್ಯಾಂಡಿನ ಹೊಲಬರ್ಡ್ ಶಿಬಿರದ ಗೇಟು ದಾಟಿತು. ಇಷ್ಟು ಮಾಡಿದ ಬ್ಯಾಂಟಮ್‌ಗೆ ಕೊನೆಗೆ ಸಿಕ್ಕ ಕೆಲಸ ಹೆಚ್ಚಾಗಿ ಟ್ರೇಲರುಗಳದು. ಅದರ ಕಾರ್ಖಾನೆ ಚಿಕ್ಕದು ಎಂದು ಸೇನೆ ಆ ನಕ್ಷೆಗಳನ್ನು ವಿಲ್ಲಿಸ್‌ಗೂ ಫೋರ್ಡ್‌ಗೂ ತೋರಿಸಿತು. 1941ರ ಜುಲೈನಲ್ಲಿ ವಿಲ್ಲಿಸ್‌ಗೆ ದೊಡ್ಡ ಗುತ್ತಿಗೆ ಸಿಕ್ಕಿತು. ಅದು ಸಾಲದೆ ಬಂದಾಗ ಅದೇ ಗಾಡಿಯನ್ನು ಫೋರ್ಡ್ ಕೂಡ ಮಾಡಿಕೊಡಬೇಕೆಂದು ಗೊತ್ತಾಯಿತು. ವಿಲ್ಲಿಸ್‌ನದು ‘ಎಂಬಿ’, ಫೋರ್ಡ್‌ನದು ‘ಜಿಪಿಡಬ್ಲ್ಯು’. ಯುದ್ಧ ಮುಗಿಯುವಷ್ಟರಲ್ಲಿ ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಂದಿದ್ದವು.

ಸೇನೆ ಹಾಕಿದ ಒಂದು ಷರತ್ತು ಇವತ್ತಿನ ಜೀಪು ಪ್ರಿಯರ ಜಗಳಗಳಿಗೆಲ್ಲ ಮೂಲ. ಒಂದು ಕಂಪನಿಯ ಭಾಗ ಇನ್ನೊಂದರ ಗಾಡಿಗೆ ಕೂರಬೇಕು. ಗುಂಡು ಬಿದ್ದ ವಿಲ್ಲಿಸ್‌ನ ಗೇರ್‌ಬಾಕ್ಸು ಬಿಚ್ಚಿ ಫೋರ್ಡ್‌ಗೆ ಹಾಕಿ, ಅದೇ ಸಂಜೆ ಗಾಡಿಯನ್ನು ರಸ್ತೆಗಿಳಿಸಬೇಕು. ರಣರಂಗದ ವರ್ಕ್‌ಶಾಪಿನ ಮೇಸ್ತ್ರಿಗಳು ಅದನ್ನೇ ಮಾಡಿದರು. ಹೀಗೆ ಕಾರ್ಖಾನೆಯಿಂದ ಹೊರಟ ಸ್ವಲ್ಪ ಕಾಲಕ್ಕೇ ಎಷ್ಟೋ ಜೀಪುಗಳು ಬೆರಕೆಯಾದವು.

ಆ ಬೆರಕೆಯನ್ನು ಬಿಡಿಸಿ ಓದುವುದು ಒಂದು ಪತ್ತೆದಾರಿಕೆ. ವಿಲ್ಲಿಸ್‌ನ ಚಾಸಿ ನಂಬರು ಮುಂಭಾಗದ ಎಡ ತೊಲೆಯ ಒಳಮೈಗೆ ರಿವೆಟ್ ಹೊಡೆದ ಚಿಕ್ಕ ಫಲಕದಲ್ಲಿರುತ್ತದೆ. ಫಲಕ ಕಳಚಿ ಬಿದ್ದಿದ್ದರೆ ಎರಡು ತೂತು ಮಾತ್ರ ಉಳಿಯುತ್ತವೆ. ಫೋರ್ಡ್ ತನ್ನ ನಂಬರನ್ನು ಎಡ ತೊಲೆಯ ಮೇಲ್ಮೈಗೇ ಒತ್ತಿತು. ಅದು ಅಳಿಯದಿದ್ದರೂ ಬಣ್ಣ, ಗ್ರೀಸು, ತುಕ್ಕಿನ ಪದರಗಳ ಕೆಳಗೆ ಹೂತಿರುತ್ತದೆ. ಎಂಜಿನ್ ನಂಬರು ಬ್ಲಾಕಿನ ಬಲ ಮುಂಭಾಗದಲ್ಲಿ, ಆಯಿಲ್ ಫಿಲ್ಟರ್ ಕೂರುವ ದಿಂಡಿನ ಮೇಲೆ ಇರುತ್ತದೆ. ಫೋರ್ಡ್ ಕಾರ್ಖಾನೆಯಲ್ಲಿ ಎಂಜಿನ್ನಿಗೂ ಚಾಸಿಗೂ ಒಂದೇ ನಂಬರು ಕೊಡುತ್ತಿದ್ದರು. ವಿಲ್ಲಿಸ್‌ನಲ್ಲಿ ಆ ಪದ್ಧತಿಯೇ ಇರಲಿಲ್ಲ. ಇದು ತಿಳಿಯದ ಎಷ್ಟೋ ಮಂದಿ, ತಮ್ಮ ವಿಲ್ಲಿಸ್‌ನ ಎರಡು ನಂಬರು ಹೊಂದುತ್ತಿಲ್ಲವೆಂದು ಸುಮ್ಮನೆ ಕೊರಗುತ್ತಾರೆ. ಇನ್ನು ಡ್ಯಾಶ್‌ಬೋರ್ಡಿನ ಗ್ಲೋವ್‌ಬಾಕ್ಸ್ ಮುಚ್ಚಳದ ಮೇಲಿನ ಫಲಕಗಳು. ಗಾಡಿಯ ಹೆಸರು, ನಂಬರು, ಸೇನೆಗೆ ಒಪ್ಪಿಸಿದ ತಾರೀಖು ಅಲ್ಲಿರುತ್ತವೆ. ಈಗ ಆ ಫಲಕಗಳೂ ಹೊಸದಾಗಿ ಅಚ್ಚು ಹಾಕಿಸಿಕೊಂಡು ಬರುವುದರಿಂದ, ತೊಲೆಯ ನಂಬರಿಗೆ ಸರಿಹೊಂದದ ಫಲಕವನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲ.

ಮುಖದಲ್ಲೂ ಗುರುತುಗಳಿವೆ. ವಿಲ್ಲಿಸ್‌ನ ಮೊದಲ ಸುಮಾರು 25 ಸಾವಿರ ಗಾಡಿಗಳಿಗೆ ಕಬ್ಬಿಣದ ಪಟ್ಟಿಗಳನ್ನು ಒಂದೊಂದಾಗಿ ವೆಲ್ಡ್ ಮಾಡಿದ ಗ್ರಿಲ್ ಇತ್ತು. ಬಳಿಕ ಫೋರ್ಡ್ ಒಂದೇ ತಗಡನ್ನು ಒತ್ತಿ, ಒಂಬತ್ತು ಸೀಳು ತೆಗೆದ ಅಗ್ಗದ ಗ್ರಿಲ್ ಮಾಡಿತು. ವಿಲ್ಲಿಸ್ ಕೂಡ ಅದನ್ನೇ ಹಿಡಿಯಿತು. ಇಂದು ಜೀಪಿನ ಲಾಂಛನವಾಗಿರುವ ಏಳು ಸೀಳಿನ ಮುಖ ಯುದ್ಧಾನಂತರದ ನಾಗರಿಕ ಮಾದರಿಯದು. ಹಾಗಾಗಿ ಯುದ್ಧದ ಸಿನಿಮಾದಲ್ಲಿ ಏಳು ಸೀಳಿನ ಜೀಪು ಬಂದರೆ ಬಲ್ಲವರು ಸೀಟಿನಲ್ಲೇ ಚಡಪಡಿಸುತ್ತಾರೆ.

ಎಲ್ಲಿ ಸಿಗುತ್ತವೆ ಇವು? ಅಮೆರಿಕದಲ್ಲಿ ದಶಕಗಳ ಕಾಲ ಒಂದು ದಂತಕಥೆ ಓಡಾಡಿತು. ಗ್ರೀಸು ಬಳಿದು ಮರದ ಪೆಟ್ಟಿಗೆಯಲ್ಲಿಟ್ಟ ಹೊಚ್ಚಹೊಸ ಜೀಪನ್ನು ಸರ್ಕಾರ 50 ಡಾಲರಿಗೆ ಮಾರುತ್ತಿದೆ ಎಂಬ ಕಥೆ. ಪತ್ರಿಕೆಗಳ ಹಿಂಪುಟದಲ್ಲಿ ಅದರ ಜಾಹೀರಾತು ಬರುತ್ತಿತ್ತು. ದುಡ್ಡು ಕಳಿಸಿದವರ ಕೈಗೆ ಬರುತ್ತಿದ್ದುದು, ಸರ್ಕಾರಿ ಹರಾಜಿನಲ್ಲಿ ಭಾಗವಹಿಸುವುದು ಹೇಗೆಂದು ಹೇಳುವ ಒಂದು ಪುಸ್ತಿಕೆ. ಪೆಟ್ಟಿಗೆಯ ಜೀಪು ಪೂರ್ತಿ ಸುಳ್ಳಂತೂ ಅಲ್ಲ. ಹಡಗಿನಲ್ಲಿ ಜಾಗ ಉಳಿಸಲು ಜೀಪುಗಳನ್ನು ಬಿಡಿಬಿಡಿಯಾಗಿ ಪೆಟ್ಟಿಗೆಗೆ ತುಂಬಿ ಕಳಿಸುತ್ತಿದ್ದರು. ಆದರೆ ಅವು ಹೋದದ್ದು ಅಮೆರಿಕದಿಂದ ಹೊರಗೆ.

ಹಾಗೆ ಹೊರಟವುಗಳಲ್ಲಿ ಅನೇಕವು ನಮ್ಮ ಕಡೆಗೇ ಬಂದವು. ಅಸ್ಸಾಮಿನ ಲೇಡೊದಿಂದ ಬರ್ಮಾದ ಕಾಡು ಸೀಳಿ ಚೀನಾದ ಕುನ್ಮಿಂಗ್‌ವರೆಗೆ, ಹಳೆಯ ಬರ್ಮಾ ರಸ್ತೆಗೆ ಜೋಡಿಸಿದ ಮಾರ್ಗದ ಉದ್ದ ಸುಮಾರು 1,700 ಕಿಲೋಮೀಟರ್. 1945ರ ಜನವರಿ 12ರಂದು ಲೇಡೊ ಬಿಟ್ಟ ಮೊದಲ ಸಾಲಿನಲ್ಲಿ 113 ವಾಹನಗಳಿದ್ದವು. ಅವು ಫೆಬ್ರುವರಿ 4ಕ್ಕೆ ಕುನ್ಮಿಂಗ್ ತಲುಪಿದವು. ಬರ್ಮಾದ ರೈಲು ಹಳಿಗಳ ಮೇಲೆ, ಎಂಜಿನ್ ಇಲ್ಲದ ಕಡೆ, ಜೀಪಿಗೆ ಕಬ್ಬಿಣದ ಗಾಲಿ ತೊಡಿಸಿ ಗೂಡ್ಸ್ ಡಬ್ಬಿ ಎಳೆಸಿದ್ದೂ ಉಂಟು. ಯುದ್ಧ ಮುಗಿದಾಗ ಇವನ್ನೆಲ್ಲ ಮತ್ತೆ ಹಡಗು ಹತ್ತಿಸುವ ಖರ್ಚು ಯಾರಿಗೂ ಬೇಡವಾಗಿತ್ತು. ‘ಡಿಸ್ಪೋಸಲ್’ ಹೆಸರಿನಲ್ಲಿ ರಾಶಿ ರಾಶಿ ಗಾಡಿ, ಎಂಜಿನ್, ಟೈರು ಮಾರಾಟವಾದವು. ಫಿಲಿಪ್ಪೀನ್ಸಿನಲ್ಲಿ ಹೀಗೆ ಉಳಿದ ಜೀಪುಗಳನ್ನು ಉದ್ದ ಮಾಡಿ, ಬೆಂಚು ಹಾಕಿ, ಬಣ್ಣ ಬಳಿದು ‘ಜೀಪ್ನಿ’ ಎಂಬ ಊರಬಸ್ಸುಗಳನ್ನಾಗಿ ಮಾಡಿದರು. ನಮ್ಮಲ್ಲಿ ಜಮೀನ್ದಾರರು, ಬೇಟೆಗಾರರು, ಗುತ್ತಿಗೆದಾರರು, ತೋಟದ ಸಾಹುಕಾರರು ಕೊಂಡರು.

ಸ್ವತಂತ್ರ ಭಾರತದ ಮೊದಲ ರಕ್ಷಣಾ ಹಗರಣಕ್ಕೂ ಕಾರಣ ಇದೇ ಗಾಡಿ. ಕಾಶ್ಮೀರದ ಯುದ್ಧಕ್ಕೆ ಜೀಪು ತುರ್ತಾಗಿ ಬೇಕಿದ್ದ 1948ರಲ್ಲಿ, ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ನಿಯಮಗಳನ್ನು ಬದಿಗಿಟ್ಟು, ರಿಪೇರಿ ಮಾಡಿದ ಹಳೆಯ ಜೀಪುಗಳನ್ನು ಕೊಳ್ಳಲು ವಿದೇಶಿ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡರು. ಬಂದಿಳಿದವು 155 ಮಾತ್ರ. ಅವೂ ಕೆಲಸಕ್ಕೆ ಬಾರದವು ಎಂದು ಸೇನೆ ದೂರಿತು. ಸಂಸತ್ತಿನಲ್ಲಿ ಗದ್ದಲವಾಯಿತು, 1955ರಲ್ಲಿ ಸರ್ಕಾರ ಪ್ರಕರಣಕ್ಕೆ ತೆರೆ ಎಳೆಯಿತು, ಮರುವರ್ಷ ಮೆನನ್ ಕೇಂದ್ರ ಸಂಪುಟ ಸೇರಿದರು. ಹಳೆಯ ಜೀಪನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬಾರದು ಎನ್ನುವವರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ತೋಟಗಳಲ್ಲಿ ಜೀಪು ಎಂದರೆ ಎತ್ತಿನ ಗಾಡಿಯೂ ಹೌದು, ಆಂಬುಲೆನ್ಸೂ ಹೌದು. ಕಾಫಿ ಚೀಲ, ಗೊಬ್ಬರ, ಬಸುರಿ ಹೆಂಗಸು, ಮದುವೆ ದಿಬ್ಬಣ ಎಲ್ಲಕ್ಕೂ ಅದೇ. ಇಂಥ ದುಡಿಮೆಯಲ್ಲಿ ಯಾವ ಬೋಲ್ಟಿನ ತಲೆ ಮೇಲೆ ಯಾವ ಅಕ್ಷರ ಇದೆ ಎಂದು ನೋಡಲು ಯಾರಿಗೂ ಪುರಸೊತ್ತಿರಲಿಲ್ಲ. ಬಿಡಿಭಾಗ ಬೇಕಾದಾಗ ನೆರವಿಗೆ ಬಂದದ್ದು ಮಹೀಂದ್ರ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ವಿಲ್ಲಿಸ್‌ನಿಂದ ಪರವಾನಗಿ ಪಡೆದ ಆ ಕಂಪನಿ ಮುಂಬಯಿಯಲ್ಲಿ ಜೀಪು ಜೋಡಿಸತೊಡಗಿತು, ನಿಧಾನವಾಗಿ ತಾನೇ ತಯಾರಿಸತೊಡಗಿತು. ಎತ್ತರದ ಬಾನೆಟ್ಟಿನ ಮಹೀಂದ್ರ ಜೀಪಿನ ಹರಿಕೇನ್ ಎಂಜಿನ್, ಯುದ್ಧದ ಜೀಪಿನಲ್ಲಿದ್ದ 2.2 ಲೀಟರ್, 60 ಅಶ್ವಶಕ್ತಿಯ ‘ಗೋ-ಡೆವಿಲ್’ ಎಂಜಿನ್ನಿನ ಮಗ. ಕೆಳಗಿನ ಅರ್ಧ ಬಹುಪಾಲು ಹಾಗೆಯೇ ಉಳಿದಿತ್ತು. ಹಾಗಾಗಿ 1943ರ ಫೋರ್ಡಿಗೆ 1960ರ ದಶಕದ ಮಹೀಂದ್ರದ ಗೇರು, ಸ್ಟಬ್ ಆಕ್ಸಲ್, ಮಡ್‌ಗಾರ್ಡು ಎಲ್ಲವೂ ಬಂದು ಕೂತವು. ಪೆಟ್ರೋಲ್ ತುಟ್ಟಿಯಾದ ಮೇಲೆ ಮೂಲ ಎಂಜಿನ್ನೇ ಗುಜರಿಗೆ ಹೋಗಿ, ಅದರ ಜಾಗಕ್ಕೆ ಡೀಸೆಲ್ ಬಂತು. ಈಗ ಮಲೆನಾಡಿನ ಶೆಡ್ಡೊಂದರಲ್ಲಿ ಯುದ್ಧಕಾಲದ ಜೀಪು ಸಿಕ್ಕಿತು ಎಂದರೆ, ಅಲ್ಲಿ ಯುದ್ಧಕಾಲದ್ದು ಎಂದು ಗಟ್ಟಿಯಾಗಿ ಹೇಳಬಹುದಾದ್ದು ಎಷ್ಟೋ ಸಲ ಚಾಸಿ ಮತ್ತು ದೇವರು ಮೆಚ್ಚಿದರೆ ಬಾಡಿಯ ಅರ್ಧ ಭಾಗ.

ಅಲ್ಲಿಂದ ಮುಂದಿನದು ಬಿಚ್ಚುವ ಕೆಲಸ. ಅನುಭವಿಗಳು ಮೊದಲ ವಾರ ನೀರು ಕೂಡ ಸೋಕಿಸಗೊಡುವುದಿಲ್ಲ, ಬರೀ ಫೋಟೊ. ಪ್ರತಿ ವೈರು, ಪ್ರತಿ ಕ್ಲಿಪ್ಪು ಇದ್ದ ಜಾಗದಲ್ಲೇ ದಾಖಲಾಗಬೇಕು. ಆಮೇಲೆ ಬಾನೆಟ್ಟಿನ ಪಕ್ಕಕ್ಕೆ ನೀರು ಹನಿಸುತ್ತ, ನಯವಾದ ಎಮರಿ ಪೇಪರಿನಿಂದ ಬಣ್ಣವನ್ನು ಪದರಪದರವಾಗಿ ತೆಗೆಯುತ್ತಾರೆ. ತೋಟದ ಕೆಂಪು, ಅದರಡಿ ಯಾರದೋ ಮದುವೆಯ ಬಿಳಿ, ಅದರಡಿ ಭಾರತೀಯ ಸೇನೆಯ ಹಸಿರು, ಎಲ್ಲಕ್ಕೂ ಕೆಳಗೆ ಹೊಳಪಿಲ್ಲದ ಆಲಿವ್ ಬಣ್ಣ. ಅದೃಷ್ಟವಿದ್ದರೆ ಅಲ್ಲಿ ‘20’ರಿಂದ ಶುರುವಾಗುವ ಅಂಕಿಗಳು ಮೂಡುತ್ತವೆ. ಅಮೆರಿಕದ ಸೇನೆ ಜೀಪುಗಳಿಗೆ ಕೊಟ್ಟ ನೋಂದಣಿ ಸಂಖ್ಯೆ ಅದು. ಯುದ್ಧದ ಮೊದಲ ವರ್ಷಗಳಲ್ಲಿ ಅದನ್ನು ಮಾಸಲು ನೀಲಿಯಲ್ಲಿ ಬರೆಯುತ್ತಿದ್ದರು, ಬಿಳಿ ಬಣ್ಣ ಆಮೇಲೆ ಬಂದದ್ದು. ಹಳೆಯ ಕಪ್ಪುಬಿಳುಪು ಫೋಟೊಗಳಲ್ಲಿ ಕೆಲವು ಜೀಪುಗಳಿಗೆ ನಂಬರೇ ಇಲ್ಲವೇನೋ ಅನ್ನಿಸುವುದು ಆ ನೀಲಿಯಿಂದಾಗಿ. ಗಡಿಬಿಡಿಯಲ್ಲಿ ಸ್ಯಾಂಡ್‌ಬ್ಲಾಸ್ಟ್ ಮಾಡಿಸಿದರೆ ಇಷ್ಟೂ ಚರಿತ್ರೆ ಐದು ನಿಮಿಷದಲ್ಲಿ ಧೂಳು.

ತುಕ್ಕಿಗೂ ಒಂದು ತರ್ಕವಿದೆ. ಜೀಪಿನ ನೆಲದ ತಗಡಿಗೆ ಅಡಿಯಲ್ಲಿ ಆಸರೆ ಕೊಡುವ ಉದ್ದ ಪಟ್ಟಿಗಳ ಒಳಗೆ ಕಾರ್ಖಾನೆಯವರು ಮರದ ರೀಪು ತುಂಬಿದ್ದರು. ಮಳೆನೀರು ಒಳಗಿಳಿದರೆ ಮರ ಹೀರಿಕೊಂಡು ಹಿಡಿದಿಡುತ್ತದೆ, ತಗಡು ಒಳಗಿನಿಂದಲೇ ಸಾಯುತ್ತದೆ. ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಅಡಿಯಲ್ಲಿ ಒಂದು ಗುಣಿಯಲ್ಲಿ ಕೂರುತ್ತದೆ. ಗುಣಿಯ ತೂತು ಕಟ್ಟಿಕೊಂಡರೆ ಅದೂ ಕೆರೆ. ಕೆಲವೇ ವರ್ಷ ಬಾಳಿದರೆ ಸಾಕು ಎಂದು ಮಾಡಿದ ಗಾಡಿಯಲ್ಲಿ ಇಂಥವನ್ನು ದೋಷ ಎನ್ನುವುದು ಅನ್ಯಾಯ. ಘಟ್ಟದ ಮಳೆಯನ್ನು ಹತ್ತಾರು ವರ್ಷ ಕುಡಿದ ಬಾಡಿಗಳಲ್ಲಿ ಟಿಂಕರಿಂಗ್ ಮೇಸ್ತ್ರಿ ಪುಟ್ಟಿ ಕೆರೆದಷ್ಟೂ ಪುಟ್ಟಿಯೇ ಬರುತ್ತದೆ. ಚಕ್ರದಲ್ಲಿ ಮಾತ್ರ ಹುಷಾರು: ಯುದ್ಧದ ಜೀಪಿನ ‘ಕಾಂಬ್ಯಾಟ್’ ರಿಮ್ಮು ಎರಡು ಹೋಳುಗಳನ್ನು ನಟ್ಟು ಬಿಗಿದು ಮಾಡಿದ್ದು. ಗಾಳಿ ಪೂರ್ತಿ ಬಿಡದೆ ಆ ನಟ್ಟು ಬಿಚ್ಚಿದರೆ ರಿಮ್ಮು ಸಿಡಿದು ಎದುರಿಗಿದ್ದವರ ಜೀವ ತೆಗೆಯಬಲ್ಲದು.

ಇಷ್ಟೆಲ್ಲ ಆದ ಮೇಲೆ ದೊಡ್ಡ ಪ್ರಶ್ನೆ ಬರುತ್ತದೆ. ಗಾಡಿಯನ್ನು ಅದರ ಬಾಳಿನ ಯಾವ ದಿನಕ್ಕೆ ಹಿಂದಿರುಗಿಸಬೇಕು? ಕಟ್ಟಾ ಪಂಥದವರು ಕಾರ್ಖಾನೆಯ ಗೇಟು ದಾಟಿದ ದಿನಕ್ಕೆ ಎನ್ನುತ್ತಾರೆ. ಫೋರ್ಡಿನಲ್ಲಿ ಒಂದೇ ಒಂದು ವಿಲ್ಲಿಸ್ ಭಾಗ ಉಳಿದರೂ ಅವರಿಗೆ ನಿದ್ದೆಯಿಲ್ಲ. ‘ಎಫ್’ ಬೋಲ್ಟುಗಳನ್ನು ಖಂಡಾಂತರದಿಂದ ತರಿಸಿ ತುಂಬುತ್ತಾರೆ. ಆದರೆ 1944ರ ಹೊತ್ತಿಗೆ ಎರಡೂ ಕಂಪನಿಗಳ ಗಾಡಿಗೆ ಇಂಡಿಯಾನಾದ ಒಂದೇ ಕಾರ್ಖಾನೆಯ ಬಾಡಿ ಬರತೊಡಗಿತ್ತು. ಯುದ್ಧಾನಂತರ ಫ್ರೆಂಚ್ ಸೇನೆ ತನ್ನ ಪಾಲಿಗೆ ಉಳಿದ ಜೀಪುಗಳನ್ನು ಪ್ಯಾರಿಸ್ ಹತ್ತಿರದ ವರ್ಕ್‌ಶಾಪಿನಲ್ಲಿ ಪೂರ್ತಿ ಬಿಚ್ಚಿ, ಭಾಗಗಳನ್ನು ಗುಡ್ಡೆ ಹಾಕಿ, ಕೈಗೆ ಸಿಕ್ಕಿದ್ದನ್ನು ಕೈಗೆ ಸಿಕ್ಕಿದ್ದಕ್ಕೆ ಜೋಡಿಸಿತು. ಯುರೋಪಿನ ಅನೇಕ ‘ಅಸಲಿ’ ಜೀಪುಗಳು ಆ ಗುಡ್ಡೆಯಿಂದ ಎದ್ದು ಬಂದವು. ಅದು ಸಾಲದೆಂದು ಹಾಚ್‌ಕಿಸ್ ಕಂಪನಿ 1966ರವರೆಗೂ ಅದೇ ರೂಪದ ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು ಜೀಪುಗಳನ್ನು ಹೊಸದಾಗಿ ಮಾಡಿತು.

ವಸ್ತುಸಂಗ್ರಹಾಲಯಗಳೂ ಈ ಇಕ್ಕಟ್ಟಿನಿಂದ ಹೊರಗಿಲ್ಲ. ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಮ್ಮಿನ ಟೈಗರ್-131 ಚಾಲನೆಯಲ್ಲಿರುವ ಏಕೈಕ ಟೈಗರ್ ಟ್ಯಾಂಕ್ ಎಂದು ಪ್ರಸಿದ್ಧ. 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿದ ಈ ಜರ್ಮನ್ ಟ್ಯಾಂಕನ್ನು 1990ರಿಂದ ದುರಸ್ತಿ ಮಾಡುತ್ತ ಬಂದು, 2003ರಲ್ಲಿ ಮತ್ತೆ ಓಡಿಸಿದರು. 2014ರ ‘ಫ್ಯೂರಿ’ ಸಿನಿಮಾದಲ್ಲಿ ಬ್ರಾಡ್ ಪಿಟ್ ಎದುರು ಗುಡುಗಿದ್ದು ಅದೇ. ಅದರ ಹೊಟ್ಟೆಯಲ್ಲಿರುವ ಎಂಜಿನ್ ಮಾತ್ರ ಇನ್ನೊಂದು ಟ್ಯಾಂಕಿನದು. ಮೂಲ ಎಂಜಿನ್ನನ್ನು ಒಳಗಿನ ರಚನೆ ತೋರಿಸಲೆಂದು ಹಿಂದೆಯೇ ಸೀಳಿಬಿಟ್ಟಿದ್ದರು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಈ ಬಗ್ಗೆ ನೇರವಾಗಿದೆ: ಉಳಿಸಬಹುದಾದ್ದನ್ನು ಮೊದಲು ಉಳಿಸಿ, ಹೊಸದು ಮಾಡುವುದು ಆಮೇಲೆ, ಬಳಕೆಯ ಕುರುಹುಗಳೂ ಚರಿತ್ರೆಯೇ. ಹಾಗೆ ನೋಡಿದರೆ ಸಕಲೇಶಪುರದ ವೆಲ್ಡರ್ ಒಬ್ಬ 1970ರ ದಶಕದಲ್ಲಿ ಹಾಕಿದ ತೇಪೆಯೂ ಉಳಿಯಲು ಅರ್ಹ. ನಮ್ಮ ಜೀಪುಗಳು ಸೇನೆಯಲ್ಲಿದ್ದದ್ದು ನಾಲ್ಕು ವರ್ಷ, ತೋಟದಲ್ಲಿ ದುಡಿದದ್ದು ನಲವತ್ತು. ಕಂಡಿಲ್ಲದ ನಾರ್ಮಂಡಿಯ ನೆನಪಿಗೆ ಬಿಳಿ ನಕ್ಷತ್ರ ಬರೆಸಿ, ಆ ನಲವತ್ತು ವರ್ಷವನ್ನು ಕೆರೆದು ಹಾಕುವುದರಲ್ಲಿ ಎಲ್ಲೋ ಒಂದು ಕೃತಘ್ನತೆಯಿದೆ.

ಬೆಂಗಳೂರಿಗೂ ಇಂಥದೇ ಒಂದು ಕಥೆಯಿದೆ. ಅದು ನಾಲ್ಕು ಚಕ್ರದ್ದಲ್ಲ, ನಾಲ್ಕು ಎಂಜಿನ್ನಿನದು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು, 1943ರಿಂದ ಅಮೆರಿಕದ ವಾಯುಪಡೆ ತನ್ನ ವಿಮಾನಗಳ ರಿಪೇರಿಗೆ ಬಳಸಿಕೊಂಡಿತು. ಅಲ್ಲಿನ ಕೆಲಸಗಾರರಿಗೆ ಯುದ್ಧವಿಮಾನದ ನಾಡಿ ಗೊತ್ತಾದದ್ದು ಹಾಗೆ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಬಿ-24 ಲಿಬರೇಟರ್ ಬಾಂಬರುಗಳನ್ನು ಕಾನ್ಪುರದ ಚಕೇರಿ ನಿಲ್ದಾಣದಲ್ಲಿ ಗುಂಪು ಹಾಕಿದರು. ಅವು ಅಮೆರಿಕ ಕಡ ಕೊಟ್ಟ ಲೆಕ್ಕದವು. ಕರಾರಿನ ಪ್ರಕಾರ ಹಿಂದಿರುಗಿಸಬೇಕು ಅಥವಾ ನಾಶ ಮಾಡಬೇಕು. ಮತ್ತೆ ಹಾರದಂತೆ ಕೆಡಿಸಿ, ಬಯಲಲ್ಲಿ ಬಿಟ್ಟು ಹೋದರು.

ಬಾಂಬರುಗಳೇ ಇಲ್ಲದ ಹೊಸ ದೇಶದ ವಾಯುಪಡೆಗೆ ಆ ಗುಜರಿ ಕಣ್ಣಿಗೆ ಬಿತ್ತು. ಬೆಂಗಳೂರಿನ ತಂಡ ಹೋಗಿ ಒಂದರ ರೆಕ್ಕೆ, ಇನ್ನೊಂದರ ಎಂಜಿನ್ ಎಂದು ಜೋಡಿಸಿ, ಬೆಂಗಳೂರು ತಲುಪಲು ಬೇಕಾದಷ್ಟು ಮಾತ್ರ ರಿಪೇರಿ ಮಾಡಿತು. ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಷಿ ಅವನ್ನು ಹಾರಿಸಿಕೊಂಡು ತಂದರು. ಸುಮಾರು ನಲವತ್ತು ವಿಮಾನಗಳು ಹೀಗೆ ಮರುಜೀವ ಪಡೆದವು. 1948ರ ನವೆಂಬರಿನಲ್ಲಿ ಅವುಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ರೂಪುಗೊಂಡಿತು. ಇಪ್ಪತ್ತು ವರ್ಷ ಹಾರಿ 1968ರಲ್ಲಿ ನಿವೃತ್ತವಾದಾಗ, ಅಮೆರಿಕದವರೇ ಅವುಗಳಿಗಾಗಿ ಸಾಲು ನಿಂತರು. ಹದಿನೆಂಟು ಸಾವಿರಕ್ಕೂ ಹೆಚ್ಚು ಲಿಬರೇಟರುಗಳನ್ನು ಮಾಡಿದ ಆ ದೇಶ ತನ್ನಲ್ಲಿದ್ದವನ್ನು ಕರಗಿಸಿ ಕೂತಿತ್ತು. ಇಂದು ಅರಿಜೋನಾದ ಪೀಮಾ, ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್, ಕೆನಡಾದ ಒಟ್ಟಾವಾ, ದೆಹಲಿಯ ಪಾಲಂ ಈ ವಸ್ತುಸಂಗ್ರಹಾಲಯಗಳಲ್ಲಿ ನಿಂತಿರುವ ಲಿಬರೇಟರುಗಳು ಭಾರತೀಯ ವಾಯುಪಡೆಯಲ್ಲಿ ದುಡಿದವು. ಯಾರೂ ಸ್ಮಾರಕ ಕಟ್ಟಲು ಹೊರಟಿರಲಿಲ್ಲ, ಬಾಂಬರು ಬೇಕಿತ್ತು ಅಷ್ಟೆ. ಬೆರಕೆ ಮಾಡಿದ್ದರಿಂದಲೇ ಅಸಲಿ ಉಳಿಯಿತು.

ಜೀಪಿಗೆ ಈಗ ಅಂಥ ಕೊರತೆಯಿಲ್ಲ, ಸಮಸ್ಯೆ ಉಲ್ಟಾ. ಫಿಲಿಪ್ಪೀನ್ಸಿನ ಕಾರ್ಖಾನೆಯೊಂದು ಯುದ್ಧಕಾಲದ ಬಾಡಿಯನ್ನು ಹೊಸ ತಗಡಿನಲ್ಲಿ ಇಡಿಯಾಗಿ ಒತ್ತಿ ಜಗತ್ತಿಗೆಲ್ಲ ಮಾರುತ್ತದೆ. ಕಾರ್ಬ್ಯುರೇಟರ್, ಸೀಟಿನ ಕ್ಯಾನ್‌ವಾಸು, 6 ವೋಲ್ಟಿನ ವೈರಿಂಗು, ದಪ್ಪ ಅಡ್ಡಪಟ್ಟಿಗಳ ಸೇನಾ ಟೈರು ಎಲ್ಲವೂ ಹೊಸದೇ ಸಿಗುತ್ತವೆ. ದುಡ್ಡಿದ್ದವರು ಒಂದು ನಂಬರಿರುವ ಚಾಸಿ ತುಂಡಿನ ಸುತ್ತ ಪೂರ್ತಿ ಜೀಪನ್ನೇ ಕಟ್ಟಬಹುದು. ಅದು ಚೆನ್ನಾಗಿ ಓಡುತ್ತದೆ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. 1943ರದು ಎಂದು ಅದಕ್ಕೆ ಬೆಲೆ ಕೇಳಿದರೆ ಮಾತ್ರ ಬೇರೆ ಮಾತಾಡಬೇಕಾಗುತ್ತದೆ.

ನಮ್ಮ ಕಾನೂನು ಈ ಕಟ್ಟಾ ಪಂಥದ ಕಡೆಗೇ ವಾಲಿದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ‘ವಿಂಟೇಜ್’ ನೋಂದಣಿ ಸಿಗುತ್ತದೆ. ಶುಲ್ಕ 20 ಸಾವಿರ ರೂಪಾಯಿ, ಅವಧಿ ಹತ್ತು ವರ್ಷ. ಕರ್ನಾಟಕದ್ದಾದರೆ ನಂಬರ್ ಪ್ಲೇಟಿನಲ್ಲಿ ‘ಕೆಎ’ ನಂತರ ‘ವಿಎ’ ಬರುತ್ತದೆ. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥವಕ್ಕೆ ಮಾತ್ರ ರಸ್ತೆಗಿಳಿಸಬೇಕು. ಮುಖ್ಯ ಷರತ್ತು: ಗಾಡಿ ಮೂಲ ಸ್ಥಿತಿಯಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಮಲೆನಾಡಿನ ಡೀಸೆಲ್ ಜೀಪು ಈ ಬಾಗಿಲು ದಾಟಬೇಕಾದರೆ ಮೊದಲು ಒಂದು ಗೋ-ಡೆವಿಲ್ ಎಂಜಿನ್ ಹುಡುಕಿಕೊಳ್ಳಬೇಕು.

ಅದನ್ನು ಹುಡುಕಲು ಶಿವಾಜಿನಗರದ ಗುಜರಿಗೋ ಚೆನ್ನೈನ ಪುದುಪೇಟೆಗೋ ಹೋಗುವವರಿಗೆ ಹಳೆಯ ಮೆಕ್ಯಾನಿಕ್ಕುಗಳು ಹೇಳುವುದು ಇಷ್ಟೇ: ಹೊಳೆಯುವ ಬಣ್ಣ ನೋಡಬೇಡಿ, ಬ್ಲಾಕನ್ನು ಬಿಸಿಲಿಗೆ ತನ್ನಿ. ನೀರು ಹರಿಯುವ ಪಕ್ಕದಲ್ಲಿ ಕೂದಲೆಳೆ ಬಿರುಕಿದೆಯೇ ನೋಡಿ, ಹಿಂದೆ ಎಷ್ಟು ಸಲ ಬೋರ್ ಮಾಡಿಸಿದ್ದಾರೆ ಅಳೆಸಿ. ಕೊನೆಗೆ ಫಿಲ್ಟರ್ ದಿಂಡಿನ ಮೇಲಿನ ನಂಬರಿನ ಸುತ್ತ ಉಗುರು ಆಡಿಸಿ. ಅಲ್ಲಿ ಅರದ ಗೆರೆ ತಾಗಿದರೆ ಬೇರೆ ಅಂಗಡಿಗೆ ಹೋಗಿ.